ಹಗಲು ಹಲ್ಲಿಯ ಕಣ್ಣು

ಬೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅಚ್ಚು ಹಾಕಿ, ಒಣಗಿಸಿ, ಉಜ್ಜಿ, ಮೈಗೆ ಮೂರು ಸಲ ಬಣ್ಣ ಕೊಟ್ಟು, ಕಿವಿ, ಬಾಲ, ಉಗುರು ಎಲ್ಲ ಮುಗಿದ ಮೇಲೆ ಬೊಂಬೆ ಕಿಟಕಿಯ ಪಕ್ಕದ ಮೇಜಿಗೆ ಬರುತ್ತಿತ್ತು. ಅಲ್ಲಿಯವರೆಗೆ ಅದು ಹಸುವಿನ ಆಕಾರದ ಪ್ಲಾಸ್ಟರು. ಆ ಮೇಜಿನಿಂದ ಏಳುವಾಗ ಹಸು. ಹೀಗೆ ಹೇಳುತ್ತಿದ್ದವನು ಆ ಬೊಂಬೆ ಕಾರ್ಖಾನೆಯಲ್ಲಿ ಅಚ್ಚು ಹಾಕುವ ಅಚ್ಚಿನಣ್ಣ. ಹೇಳಿ ಮುಗಿಸುವ ಮೊದಲೇ, "ಅದಕ್ಕೇ ನಮ್ಮ ಕಣ್ಣಕ್ಕಂಗೆ ಇಷ್ಟು ಜಂಬ" ಎಂದು ಒಂದು ಬಾಲವನ್ನೂ ಅಂಟಿಸುತ್ತಿದ್ದ.

ಕಣ್ಣಕ್ಕ ಆ ಮೇಜಿನಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕುಂಚ ತೊಳೆಯುವ ಕೆಲಸಕ್ಕೆ ಬಂದವಳು. ಆಗ ಆ ಮೇಜಿನಲ್ಲಿದ್ದವರು ಈಗಿನ ಯಜಮಾನ್ತಿಯ ಮಾವ. ಮಾತು ಕಡಿಮೆ, ಕೆಮ್ಮು ಜಾಸ್ತಿ. ಒಂದು ದಿನ ಅವರು ತಿರುಗಿ ನೋಡಿದಾಗ, ಕುಂಚ ತೊಳೆಯಬೇಕಾದ ಹುಡುಗಿ ಬಾಗಿಲಲ್ಲಿ ಮಲಗಿದ್ದ ಬೆಕ್ಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಬೈಯುತ್ತಾರೆ ಎಂದುಕೊಂಡಳು. ಅವರು ಬೈಯಲಿಲ್ಲ. "ಏನ್ ಕಾಣ್ತು?" ಎಂದರು. "ಬಿಸಿಲಿಗೆ ಬಂದ್ರೆ ಪಾಪೆ ಸೂಜಿ ಥರ ಆಗತ್ತೆ, ನೆರಳಿಗೆ ಹೋದ್ರೆ ಬಾದಾಮಿ ಥರ" ಎಂದಳು. ಮಾರನೇ ದಿನ ಅವಳ ಸ್ಟೂಲು ಆ ಮೇಜಿನ ಪಕ್ಕಕ್ಕೆ ಬಂತು.

ಅವರು ಕಲಿಸಿದ್ದು ಎರಡೇ ನಿಯಮ. ಕಾಣದ ಕಣ್ಣನ್ನು ಬರೆಯಬಾರದು. ದೀಪದ ಬೆಳಕಲ್ಲಿ ಬರೆಯಬಾರದು. ಕಣ್ಣಕ್ಕ ಎರಡನ್ನೂ ಬಿಡದೆ ಪಾಲಿಸಿದಳು. ಮೊದಲ ಸಲ ಮೇಕೆಯ ಬೊಂಬೆ ಬಂದಾಗ, ಹಾಲಿನ ಅಂಗಡಿಯ ಹಿಂದೆ ಕಟ್ಟಿದ್ದ ಮೇಕೆಯ ಎದುರು ಇಡೀ ಊಟದ ಹೊತ್ತು ಕೂತಿದ್ದಳು. ಮೇಕೆ ಅವಳ ಕರವಸ್ತ್ರವನ್ನು ಪೂರ್ತಿ ಅಗಿದು ನುಂಗಿತು. ಆದರೆ ಮೇಕೆಯ ಪಾಪೆ ಅಂಚೆ ಡಬ್ಬಿಯ ಬಾಯಿಯ ಹಾಗೆ ಅಡ್ಡಡ್ಡಲಾಗಿರುತ್ತದೆ ಎಂಬುದು ಅವಳಿಗೆ ಆವತ್ತು ಗೊತ್ತಾಯಿತು. ಮದುವೆಯಾದದ್ದು ಗಡಿಯಾರ ರಿಪೇರಿ ಮಾಡುವವನನ್ನು. ಅವನು ಕೊಟ್ಟ ಮೊದಲ ಉಡುಗೊರೆ, ಕಣ್ಣಿಗೆ ಸಿಕ್ಕಿಸಿಕೊಂಡು ನೋಡುವ ತನ್ನದೇ ಒಂದು ಹಳೆಯ ಭೂತಗನ್ನಡಿ. ಅವಳು ಅದನ್ನು ಸರದ ಹಾಗೆ ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದಳು. ಬಸ್ಸಿನಲ್ಲಿ ಎದುರು ಕೂತವರ ಕಣ್ಣನ್ನು ಎವೆಯಿಕ್ಕದೆ ನೋಡಿ ಎಷ್ಟೋ ಸಲ ಬೈಸಿಕೊಂಡಿದ್ದಳು.

ಮೂವತ್ತೊಂದು ವರ್ಷದಲ್ಲಿ ಅವಳು ಬರೆದ ಕಣ್ಣುಗಳಲ್ಲಿ ಒಂದೂ ವಾಪಸ್ ಬಂದಿರಲಿಲ್ಲ. ಕಾಲು ಮುರಿದು ಬಂದಿದ್ದವು, ಬಾಲ ಬಿದ್ದು ಬಂದಿದ್ದವು. ಕಣ್ಣು ತಪ್ಪಿದೆ ಎಂದು ಬಂದದ್ದು ಒಂದೂ ಇಲ್ಲ.

ಆ ವರ್ಷ ಯಜಮಾನ್ತಿ ಪೇಟೆಯಿಂದ ಒಂದು ಪ್ಯಾಕೆಟ್ ತಂದು ತನ್ನ ಕಪಾಟಿನಲ್ಲಿಟ್ಟಳು. ಒಳಗೆ ಅಂಟಿಸುವ ಕಣ್ಣುಗಳು. ನಾಯಿಯದು, ಬೆಕ್ಕಿನದು, ಗಿಣಿಯದು, ಹಲ್ಲಿಯದು, ಸಣ್ಣದು, ದೊಡ್ಡದು. ಹಾಳೆಯಿಂದ ಕೀಳುವುದು, ಒತ್ತುವುದು, ಮುಗಿಯಿತು. ಯಜಮಾನ್ತಿ ಕೆಟ್ಟವಳಲ್ಲ, ಆದರೆ ಅವಸರದವಳು. ನಡೆಯುವಾಗಲೂ ಯಾರೋ ಹಿಂದಿನಿಂದ ನೂಕುತ್ತಿದ್ದಾರೆ ಎನ್ನುವ ಹಾಗೆ ನಡೆಯುತ್ತಿದ್ದಳು.

"ನಿನ್ನ ಕೆಲಸದ ಬಗ್ಗೆ ನಾನೇನೂ ಅಂತಿಲ್ಲ ಕಣ್ಣಕ್ಕ" ಎಂದಳು. "ಆದ್ರೆ ನೀನು ಒಂದು ಕಣ್ಣು ಬರೆಯೋ ಹೊತ್ತಿಗೆ ಇದು ನಲವತ್ತು ಅಂಟತ್ತೆ. ಸರಿ, ಈಗ ಬಂದಿರೋ ಮ್ಯೂಸಿಯಂ ಕೆಲಸ ನಿಂದೇ. ಅದ್ರಲ್ಲಿ ಒಂದು ಕಣ್ಣು ತಪ್ಪು ಅಂತ ವಾಪಸ್ ಬಂದ್ರೂ ಮುಂದಿನದಕ್ಕೆಲ್ಲ ಪ್ಯಾಕೆಟ್ಟೇ. ಆಮೇಲೆ ಮುಖ ಊದಿಸ್ಕೋಬಾರದು."

"ಬರಲ್ಲ ಬಿಡಿ" ಎಂದಳು ಕಣ್ಣಕ್ಕ.

ಮ್ಯೂಸಿಯಂನವರು ಕೇಳಿದ್ದು ಹನ್ನೆರಡು ಪುಟಾಣಿ ಹಲ್ಲಿಗಳು. ಮಕ್ಕಳ ಕೋಣೆಯಲ್ಲಿ ಹನ್ನೆರಡು ಕಡೆ ಇಡುವುದು, ಪ್ರತಿಯೊಂದರ ಪಕ್ಕ ಸರಪಳಿಯಲ್ಲಿ ಒಂದು ಭೂತಗನ್ನಡಿ ನೇತುಹಾಕುವುದು, ಮಕ್ಕಳು ಹಿಡಿದು ನೋಡುವುದು. ಊರ ಹಿಂದಿನ ಗುಡ್ಡದಲ್ಲಿ ಇರುವ, ಆದರೆ ಊರಿನವರು ಯಾರೂ ಗಮನಿಸದ ಒಂದು ಜಾತಿ. ಅಳತೆ ನಿಜದಷ್ಟೇ ಇರಬೇಕು. ಅಂದರೆ ಮೂತಿಯಿಂದ ಬಾಲದ ತುದಿಯವರೆಗೆ ಒಂದು ಬೆರಳು. ಕಣ್ಣು ಸಾಸಿವೆ ಕಾಳಿಗಿಂತ ಒಂದು ಚೂರು ದೊಡ್ಡದು.

ವಿವರ ಹೇಳಲು ಬಂದವಳು ಆ ಹಲ್ಲಿಗಳ ಬಗ್ಗೆಯೇ ಓದಿದ್ದ ತೆಳ್ಳನೆಯ ಹೆಂಗಸು. ಅಚ್ಚಿನಣ್ಣ ಅವಳಿಗೆ ಆ ಕ್ಷಣವೇ ಹಲ್ಲಿ ಮೇಡಂ ಎಂದು ನಾಮಕರಣ ಮಾಡಿದ. ಮೇಡಂ ಬಂದದ್ದೇ ಅವನ ಅಚ್ಚಿನ ಹಲ್ಲಿಯ ಬೆರಳುಗಳ ಮೇಲೆ ಬಿದ್ದಳು.

"ಬೆರಳು ಅಗಲ ಬೇಡ. ಗೋಡೆ ಹಲ್ಲಿ ಥರ ಅಂಟೋ ಬೆರಳಲ್ಲ ಇದು. ಸಣ್ಣಗೆ, ಹಕ್ಕಿ ಕಾಲಿನ ಥರ ಸೊಟ್ಟಗೆ, ತುದೀಲಿ ಉಗುರು."

"ಮತ್ತೆ ಗೋಡೆ ಹತ್ತಲ್ವಾ?" ಎಂದ ಅಚ್ಚಿನಣ್ಣ.

"ಕಲ್ಲು, ಬೇರು ಅಂತ ಹತ್ತತ್ತೆ. ಆದ್ರೂ ನೆಲದ ಜೀವ. ಹಗಲೆಲ್ಲ ಒಣಗಿದ ಎಲೆ ಮಧ್ಯ ಓಡಾಡ್ಕೊಂಡಿರತ್ತೆ. ನಿಮ್ಮನೆ ಗೋಡೆ ಹಲ್ಲಿಗೆ ದೂರದ ತಂಗಿ ಅನ್ಕೊಳಿ."

ಮೂರು ಸಲ ಬಂದಳು, ಮೂರು ಸಲವೂ ಬೆರಳನ್ನೇ ತಿದ್ದಿಸಿದಳು. ಮೈಬಣ್ಣಕ್ಕೆ ಮೇಲಿನಿಂದ ತೆಗೆದ ಒಂದು ಫೋಟೊ ಕೊಟ್ಟಳು. ಕಂದು ಮೈ, ಮಾಸಲು ಚುಕ್ಕೆ, ಗಂಟಲಡಿಗೆ ಹಳದಿ ಎಂದು ಹಿಂದೆ ಬರೆದಿದ್ದಳು. ಫೋಟೊದಲ್ಲಿ ಕಣ್ಣು ಬರೀ ಒಂದು ಕರಿ ಚುಕ್ಕಿ. ಆಮೇಲೆ, "ಶನಿವಾರ ಹತ್ತಕ್ಕೆ ಬಂದು ತಗೊಂಡು ಹೋಗ್ತೀನಿ" ಎಂದು ಎಲ್ಲಿಗೋ ದೂರದ ಕಾಡಿಗೆ ಹೊರಟುಹೋದಳು.

ಕಣ್ಣಕ್ಕನ ಕಿವಿ ಹಿಡಿದುಕೊಂಡದ್ದು ದೂರದ ತಂಗಿ ಎಂಬ ಮಾತನ್ನು. ಕಾಣದ ಕಣ್ಣು ಬರೆಯುವ ಹಾಗಿಲ್ಲವಲ್ಲ. ಮನೆಯಲ್ಲಿ ಅಡುಗೆ ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ಹಲ್ಲಿ ಖಾಯಂ ಇತ್ತು. ಅವಳು ಕುರ್ಚಿ ಹತ್ತಿ, ಭೂತಗನ್ನಡಿ ಸಿಕ್ಕಿಸಿಕೊಂಡು, ನಾಲ್ಕು ದಿನ ಬೆಳಿಗ್ಗೆ ಅದರ ಕಣ್ಣನ್ನು ಓದಿದಳು. ಬೆಕ್ಕಿನದಕ್ಕಿಂತ ಸೊಗಸಾದ ಸೀಳು, ಮೇಲಿನಿಂದ ಕೆಳಗೆ ಕೂದಲೆಳೆಯ ಹಾಗೆ ನಿಂತ ಪಾಪೆ, ಅದರ ಅಂಚು ನೇರವಿಲ್ಲ, ಗರಗಸದ ಹಾಗೆ ಸಣ್ಣಗೆ ಅಂಕುಡೊಂಕು. ಮೂರು ಕೂದಲಿನ ಕುಂಚದಲ್ಲಿ ಆ ಅಂಕುಡೊಂಕನ್ನೂ ತಂದಳು. ಬುಧವಾರ ಮಧ್ಯಾಹ್ನ ಕೊನೆಯ ಕಣ್ಣಿಗೆ ವಾರ್ನಿಷ್ ಹಚ್ಚಿ, ಬೆನ್ನು ಚಾಚಿ ಕೂತಳು. ಇಪ್ಪತ್ತನಾಲ್ಕು ಕಣ್ಣುಗಳು ಒದ್ದೆಯಾಗಿ ಅವಳನ್ನೇ ನೋಡುತ್ತಿದ್ದವು. ಅವಳಿಗೆ ತಾನು ಇಷ್ಟು ಚೆನ್ನಾಗಿ ಯಾವತ್ತೂ ಬರೆದಿರಲಿಲ್ಲ ಎನಿಸಿತು. ಅದು ನಿಜವೂ ಆಗಿತ್ತು.

ಗುರುವಾರ ಬೆಳಿಗ್ಗೆ ಉಳಿದಿದ್ದು ಒಂದೇ ಕೆಲಸ. ಹಲ್ಲಿಗಳನ್ನು ಕೂರಿಸುವ ತಟ್ಟೆಗಳಿಗೆ ಗುಡ್ಡದ ಮಣ್ಣು, ಒಣಗಿದ ಎಲೆ ಬೇಕಿತ್ತು. ಅದು ಅಚ್ಚಿನಣ್ಣನ ಪಾಲಿನ ಕೆಲಸ. ಅವನು ಮಂಡಿ ಹಿಡಿದುಕೊಂಡು, "ಅಕ್ಕ, ಇದು ಇವತ್ತು ನನ್ನ ಮಾತು ಕೇಳ್ತಿಲ್ಲ. ನೀನು ಹೇಗೂ ಕೈ ಖಾಲಿ" ಎಂದ.

"ನಿನ್ನ ಮಂಡಿ ಕೆಲಸ ಇದ್ದ ದಿನಾನೇ ನೋಯೋದು ಯಾಕೋ" ಎಂದು ಕಣ್ಣಕ್ಕ ಚೀಲ ತೆಗೆದುಕೊಂಡು ಹೊರಟಳು.

ಗುಡ್ಡ ಬೀದಿಯ ಕೊನೆಯಿಂದಲೇ ಶುರುವಾಗುತ್ತಿತ್ತು. ನೀರಿನ ಟ್ಯಾಂಕ್ ದಾಟಿ, ಬೆಳಗಿನ ನಡಿಗೆಯವರ ಕಾಲುದಾರಿ ಹಿಡಿದು ಸ್ವಲ್ಪ ಮೇಲೆ ಹೋದರೆ, ಒಂದು ದೊಡ್ಡ ಬಂಡೆಯ ಬುಡದಲ್ಲಿ ಕೆಂಪು ಮಣ್ಣು, ಪುಡಿಗಲ್ಲು, ಮಂಡಿಯುದ್ದ ಎಲೆಯ ರಾಶಿ. ಹತ್ತು ಗಂಟೆಯ ಬಿಸಿಲು ಎಲೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಅವಳು ಬಗ್ಗಿ ಒಂದು ಹಿಡಿ ಎಲೆ ಎತ್ತಿದಳು.

ಎಲೆಯ ಕೆಳಗಿನಿಂದ ಅವಳ ಬೊಂಬೆ ಎದ್ದು ಓಡಿತು.

ಹಾಗೆಯೇ ಅನ್ನಿಸಿತು ಅವಳಿಗೆ. ಅದೇ ಕಂದು, ಅವಳು ಮೂರು ಸಲ ಬೆರೆಸಿ ಕೆಡಿಸಿ ಕೊನೆಗೆ ಹಿಡಿದ ಕಂದು. ಅದೇ ಚುಕ್ಕೆ, ಅದೇ ಹಕ್ಕಿ ಕಾಲು. ಬೆರಳುದ್ದದ ಆ ಜೀವ ಸರ್ರನೆ ಒಂದು ಮೊಳ ಓಡಿ, ಬೇರಿನ ಮೇಲೆ ಹತ್ತಿ, ತಲೆ ಕೆಳಗೆ ಮಾಡಿ ನಿಂತು, ಗಂಟಲು ಉಬ್ಬಿಸಿತು. ಗಂಟಲಡಿಗೆ ಹಳದಿ.

ಕಣ್ಣಕ್ಕನ ಕೈಯಿಂದ ಚೀಲ ಜಾರಿತು. ಐವತ್ತು ವರ್ಷದ ಹೆಂಗಸು, ಹಗಲು ಹೊತ್ತು, ನಾಲ್ಕು ಜನ ಓಡಾಡುವ ದಾರಿಯ ಪಕ್ಕ, ಮೊದಲು ಮಂಡಿಯೂರಿದಳು, ಆಮೇಲೆ ಅಂಗೈ ಊರಿದಳು, ಆಮೇಲೆ ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟಳು. ಗೇಣು ಗೇಣಾಗಿ ಮುಂದೆ ತೆವಳಿದಳು. ಹಲ್ಲಿ ತಲೆ ಹೊರಳಿಸಿದರೆ ಅವಳು ಕಲ್ಲು. ಹಲ್ಲಿ ಸುಮ್ಮನಾದರೆ ಮತ್ತೆ ಅರ್ಧ ಗೇಣು. ಒಂದು ಇರುವೆ ಹಾದುಹೋಯಿತು, ಹಲ್ಲಿ ಟಕ್ಕನೆ ಕೆಳಗೆ ಹಾರಿ ಅದನ್ನು ಬಾಯಿಗೆ ಹಾಕಿಕೊಂಡು ಮತ್ತೆ ಅದೇ ಬೇರಿನ ಅದೇ ಜಾಗಕ್ಕೆ ಬಂದು ನಿಂತಿತು. ತನ್ನ ಮೇಜಿಗೆ ಬಂದು ಕೂತ ಹಾಗೆ.

ನಡಿಗೆಗೆ ಬಂದಿದ್ದ ಒಬ್ಬ ಮುದುಕ ಗಾಬರಿಯಿಂದ ನಿಂತ. "ಬಿದ್ರಾ ಅಮ್ಮ?"

"ಇಲ್ಲ. ಸ್ವಲ್ಪ ಆ ಕಡೆ ನಿಂತ್ಕೊಳಿ, ನಿಮ್ಮ ನೆರಳು ಬೀಳ್ತಿದೆ."

ಮುದುಕ ಆ ಕಡೆ ನಿಂತು, ಸ್ವಲ್ಪ ಹೊತ್ತು ನೋಡಿ, ತಲೆ ಆಡಿಸಿಕೊಂಡು ಹೋದ.

ಈಗ ಹಲ್ಲಿಗೂ ಅವಳಿಗೂ ನಡುವೆ ನಾಲ್ಕು ಬೆರಳು. ಅವಳು ಉಸಿರು ಬಿಗಿಹಿಡಿದು, ಕೊರಳಿನ ಭೂತಗನ್ನಡಿಯನ್ನು ಮೆಲ್ಲಗೆ ಕಣ್ಣಿಗೇರಿಸಿದಳು. ಮೊದಲು ಎಲ್ಲ ಮಬ್ಬು. ಆಮೇಲೆ ಒಮ್ಮೆಲೇ ಸ್ಪಷ್ಟ. ಬಿಸಿಲು ನೇರವಾಗಿ ಆ ಕಣ್ಣಿಗೆ ಬೀಳುತ್ತಿತ್ತು. ಹಲ್ಲಿ ಗುಲಾಬಿ ನಾಲಿಗೆ ಹೊರಹಾಕಿ, ಕಾರಿನ ಗಾಜು ಒರೆಸುವ ಹಾಗೆ ತನ್ನ ಕಣ್ಣನ್ನು ತಾನೇ ಒಂದು ಸಲ ನೆಕ್ಕಿಕೊಂಡಿತು. ಒರೆಸಿದ ಕಣ್ಣು ಫಳಫಳ ಹೊಳೆಯಿತು. ಅದರಲ್ಲಿ ಸೀಳಿರಲಿಲ್ಲ.

ಗುಂಡಗಿತ್ತು. ಪಾಪೆ ಗುಂಡಗಿತ್ತು. ನಾಯಿಯದರ ಹಾಗೆ, ಹಕ್ಕಿಯದರ ಹಾಗೆ, ಮನುಷ್ಯರದರ ಹಾಗೆ. ಕಪ್ಪು ಚುಕ್ಕಿ, ಅದರ ಸುತ್ತ ತಾಮ್ರದ ತಂತಿಯಷ್ಟು ಸಣ್ಣ ಉಂಗುರ.

ಕಣ್ಣಕ್ಕನಿಗೆ ಮೊದಲು ಆದದ್ದು ಖುಷಿ. ಅದು ಅವಳಿಗೇ ಆಶ್ಚರ್ಯ. ಇಪ್ಪತ್ತನಾಲ್ಕು ಕಣ್ಣು ತಪ್ಪು ಬರೆದಿದ್ದೇನೆ ಎನ್ನುವುದು ಹೊಳೆಯುವ ಮೊದಲು, ಇಂಥ ಒಂದು ಕಣ್ಣು ಬೀದಿಯ ಕೊನೆಯಲ್ಲೇ ಇತ್ತಲ್ಲ ಎಂದು ಮೈಯೆಲ್ಲ ಜುಂ ಅಂದಿತು. ಹಗಲು ಓಡಾಡುವ ಜೀವಕ್ಕೆ ಸೀಳು ಪಾಪೆ ಯಾಕೆ ಬೇಕು. ಮೇಡಂ ಹೇಳಿದ್ದಳು, ಹಗಲೆಲ್ಲ ಓಡಾಡ್ಕೊಂಡಿರತ್ತೆ ಎಂದು. ತಾನು ತಂಗಿಯನ್ನು ಹಿಡಿದುಕೊಂಡು ಹಗಲನ್ನು ಬಿಟ್ಟಿದ್ದಳು. ಆಮೇಲೆ ಶನಿವಾರ ನೆನಪಾಯಿತು. ಸರಪಳಿಯ ಭೂತಗನ್ನಡಿಗಳು ನೆನಪಾದವು. ಪ್ಯಾಕೆಟ್ ನೆನಪಾಯಿತು.

ಊಟದ ಹೊತ್ತಿಗೆ ಖಾಲಿ ಚೀಲ ಬೀಸಿಕೊಂಡು ಅವಳು ಓಡಿ ಬಂದದ್ದನ್ನು ನೋಡಿ ಅಚ್ಚಿನಣ್ಣ ಎದ್ದು ನಿಂತ. "ನಾಯಿ ಅಟ್ಟಿಸ್ಕೊಂಡ್ ಬಂತಾ?"

ಅವಳ ಎದೆಯಿಂದ ಮಂಡಿಯವರೆಗೆ ಕೆಂಪು ಮಣ್ಣು, ಕೂದಲಲ್ಲಿ ಎಲೆ. ಅವಳು ಅವನನ್ನು ದಾಟಿ ಸೀದಾ ಯಜಮಾನ್ತಿಯ ಕೋಣೆಗೆ ಹೋದಳು. ಹಲ್ಲಿಗಳು ಆಗಲೇ ಹತ್ತಿಯಲ್ಲಿ ಸುತ್ತಿಸಿಕೊಂಡು, ಪೆಟ್ಟಿಗೆಯಲ್ಲಿ ಮಲಗಿ, ಪೆಟ್ಟಿಗೆಗೆ ಅಂಟುಪಟ್ಟಿ ಬಿದ್ದಿತ್ತು.

"ಪೆಟ್ಟಿಗೆ ಬಿಚ್ಚಬೇಕು. ಕಣ್ಣು ತಪ್ಪಾಗಿದೆ."

"ಯಾರ ಕಣ್ಣು?"

"ನಾನು ಬರೆದ ಕಣ್ಣು. ಎಲ್ಲಾನೂ."

ಯಜಮಾನ್ತಿ ಪೆನ್ನು ಕೆಳಗಿಟ್ಟಳು. ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಈ ಬಾಯಿಂದ ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಚ್ಚಿನಣ್ಣನಿಗೂ ತಮಾಷೆ ಮಾಡುವುದು ಮರೆತುಹೋಯಿತು.

ಕಣ್ಣಕ್ಕ ತಡವರಿಸದೆ ಎಲ್ಲವನ್ನೂ ಹೇಳಿದಳು. ಗೋಡೆ ಹಲ್ಲಿಯನ್ನು ನೋಡಿ ಬರೆದದ್ದು, ಅದು ರಾತ್ರಿಯ ಜೀವ, ಇದು ಹಗಲಿನದು, ಪಾಪೆ ಗುಂಡಗಿದೆ. ಯಜಮಾನ್ತಿ ಎದ್ದು ಕಪಾಟಿನಿಂದ ಪ್ಯಾಕೆಟ್ ತೆಗೆದು, ಹಲ್ಲಿಯ ಹಾಳೆ ಹುಡುಕಿ, ಬೆಳಕಿಗೆ ಹಿಡಿದಳು.

"ನೋಡು. ಇದ್ರಲ್ಲೂ ಸೀಳೇ ಇದೆ. ಹಲ್ಲಿ ಅಂದ್ರೆ ಸೀಳು."

"ಅದೂ ತಪ್ಪು."

"ಪ್ಯಾಕೆಟ್ಟೂ ತಪ್ಪು, ನೀನೂ ತಪ್ಪು, ಆ ಗುಡ್ಡದ ಹಲ್ಲಿ ಒಂದೇ ಸರಿ?"

"ಅದರ ಕಣ್ಣು ಅದರದ್ದಲ್ವಾ" ಎಂದಳು ಕಣ್ಣಕ್ಕ.

ಅಚ್ಚಿನಣ್ಣ ಮೆಲ್ಲಗೆ, "ಸಾಸಿವೆ ಕಾಳಿನಷ್ಟು ಕಣ್ಣು ಅಕ್ಕ. ಯಾವ ಮಗು ನೋಡತ್ತೆ?" ಎಂದ.

"ಕೈಗೆ ಭೂತಗನ್ನಡಿ ಕೊಟ್ಟು ನೋಡು ಅಂತಾರೆ. ಮಗು ಮೊದಲು ನೋಡೋದು ಕಣ್ಣನ್ನೇ. ನೀನೂ ಯಾರನ್ನ ನೋಡಿದ್ರೂ ಮೊದಲು ಅದನ್ನೇ ನೋಡ್ತೀಯ."

ಯಜಮಾನ್ತಿ ಹುಬ್ಬು ಗಂಟಿಕ್ಕಿ ಗಡಿಯಾರ ನೋಡಿದಳು. ಪೆಟ್ಟಿಗೆ ನೋಡಿದಳು. ಬರೀ ಮಾತಿನ ಮೇಲೆ ಮುಗಿದ ಕೆಲಸ ಬಿಚ್ಚುವವಳಲ್ಲ ಅವಳು. ಕೊನೆಗೆ ಕೀಲಿಕೈ ತೆಗೆದುಕೊಂಡು, "ನಡಿ, ತೋರಿಸು" ಎಂದಳು. "ನನ್ನ ಕಣ್ಣಿಗೆ ಗುಂಡಗೆ ಕಂಡ್ರೆ ಬಿಚ್ಚೋಣ."

ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ಮೂವರೂ ಗುಡ್ಡ ಹತ್ತಿದರು. ಮುಂದೆ ಕಣ್ಣಕ್ಕ, ಹಿಂದೆ ಇಸ್ತ್ರಿ ಬಟ್ಟೆಯ ಯಜಮಾನ್ತಿ, ಅವಳ ಹಿಂದೆ ಅಚ್ಚಿನಣ್ಣ.

"ಮಂಡಿ ಹೇಗಿದೆ?" ಎಂದಳು ಕಣ್ಣಕ್ಕ ತಿರುಗದೆ.

"ಈಗ ಸ್ವಲ್ಪ ಮಾತು ಕೇಳ್ತಿದೆ" ಎಂದ ಅವನು.

ಬೇರಿನ ಮೇಲೆ ಏನೂ ಇರಲಿಲ್ಲ. ಬಿಸಿಲು ಹೆಚ್ಚಾಗಿ ಎಲೆಗಳೆಲ್ಲ ಕಾದಿದ್ದವು. ಕಣ್ಣಕ್ಕ ಕೂತಳು, ಅವರಿಬ್ಬರೂ ನಿಂತರು. ಹತ್ತು ನಿಮಿಷ, ಹದಿನೈದು ನಿಮಿಷ. ಯಜಮಾನ್ತಿ ಕಾಲು ಬದಲಿಸಿದಳು, ಗಂಟಲು ಸರಿಮಾಡಿಕೊಂಡಳು.

"ಎಲ್ಲೋ ಹೋಯ್ತು ಅನ್ಸತ್ತೆ" ಎಂದಳು.

"ಎಲ್ಲೂ ಹೋಗಲ್ಲ. ಅದರ ಮೇಜು ಅದು" ಎಂದಳು ಕಣ್ಣಕ್ಕ. ಬಾಯಿ ಹಾಗೆ ಹೇಳಿದರೂ ಕಣ್ಣು ಬೇರಿನಿಂದ ಕದಲಲಿಲ್ಲ. ಇದು ಕಾಣದಿದ್ದರೆ ಪೆಟ್ಟಿಗೆ ಬಿಚ್ಚುವುದಿಲ್ಲ. ಶನಿವಾರ ಮೇಡಂ ಬಿಚ್ಚುತ್ತಾಳೆ, ಮಕ್ಕಳಿಗಿಂತ ಮೊದಲು ಅವಳೇ ನೋಡುತ್ತಾಳೆ.

ಬಂಡೆಯ ನೆರಳು ಒಂದು ಗೇಣು ಸರಿದು ಬೇರನ್ನು ಮುಟ್ಟಿತು. ಆಗ ಎಲೆಯೊಂದು ತಾನಾಗಿ ಅಲ್ಲಾಡಿತು. ಮೂತಿ ಬಂತು. ಆಮೇಲೆ ಪೂರ್ತಿ ಹಲ್ಲಿ ಬಂದು, ಬೇರು ಹತ್ತಿ, ತಲೆ ಕೆಳಗೆ ಮಾಡಿ ನಿಂತಿತು.

"ಇಷ್ಟೇ ಇಷ್ಟಾ" ಎಂದು ಯಜಮಾನ್ತಿ ಉಸುರಿದಳು.

"ಶ್. ಮಲಗಿ."

"ಏನು?"

"ಹೊಟ್ಟೆ ಮೇಲೆ. ನಿಂತ್ರೆ ಓಡತ್ತೆ."

ಯಜಮಾನ್ತಿ ತನ್ನ ಬಟ್ಟೆ ನೋಡಿಕೊಂಡಳು, ಕಾಲುದಾರಿಯ ಆಚೆ ಈಚೆ ನೋಡಿದಳು. ಆಮೇಲೆ ಮಲಗಿದಳು. ಅವಸರದ ಅವಳ ಜೀವನದಲ್ಲಿ ಅವಳು ಇಷ್ಟು ನಿಧಾನವಾಗಿ ಏನನ್ನೂ ಮಾಡಿರಲಿಲ್ಲ. ಕಣ್ಣಕ್ಕ ಪಕ್ಕದಲ್ಲಿ ತೆವಳುತ್ತ, ಭೂತಗನ್ನಡಿಯನ್ನು ಅವಳ ಕಣ್ಣಿಗೆ ಹಿಡಿದು, "ಉಸಿರು ಬಿಡಬೇಡಿ, ಇನ್ನೊಂಚೂರು, ಅಷ್ಟೇ, ಅಷ್ಟೇ" ಎಂದು ಪಿಸುಗುಟ್ಟಿದಳು. ಅಚ್ಚಿನಣ್ಣ ಯಾರೂ ಹೇಳದೆಯೇ ಇವರ ಹಿಂದೆ ಉದ್ದಕ್ಕೆ ಮಲಗಿದ್ದ.

ಯಜಮಾನ್ತಿ ಎಷ್ಟು ಹೊತ್ತಾದರೂ ಭೂತಗನ್ನಡಿ ವಾಪಸ್ ಕೊಡಲಿಲ್ಲ.

"ಗುಂಡಗಿದೆ" ಎಂದಳು ಕೊನೆಗೆ. ಸ್ವಲ್ಪ ತಡೆದು, "ಇವಳೇ, ಅದು ನನ್ನನ್ನೇ ನೋಡ್ತಿದೆ ಕಣೆ" ಎಂದಳು.

"ನಂಗೂ ಒಂದ್ಸಲ" ಎಂದು ಹಿಂದಿನಿಂದ ಅಚ್ಚಿನಣ್ಣ ಅವಳ ಪಾದ ತಟ್ಟಿದ. ಹಲ್ಲಿ ಸರ್ರನೆ ಎಲೆಯಡಿ ಮಾಯವಾಯಿತು. ಆ ದಿನವೆಲ್ಲ ಅವನು ಆ ಒಂದು ವಿಷಯಕ್ಕೆ ಬೈಸಿಕೊಂಡ.

ಕೆಳಗಿಳಿಯುವಾಗ ಕಣ್ಣಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ವಾರ್ನಿಷ್ ಪೂರ್ತಿ ಒಣಗಲು ಒಂದು ಹಗಲು, ಒಂದು ರಾತ್ರಿ ಹತ್ತಿರ ಹತ್ತಿರ. ಶನಿವಾರ ಹತ್ತಕ್ಕೆ ಮೇಡಂ. ಅಂದರೆ ಶುಕ್ರವಾರ ಮಧ್ಯಾಹ್ನದೊಳಗೆ ಇಪ್ಪತ್ತನಾಲ್ಕು ಕಣ್ಣೂ ಮುಗಿಯಬೇಕು. ದೀಪದ ಬೆಳಕಲ್ಲಿ ಬರೆಯುವ ಹಾಗಿಲ್ಲ. ಹಳೆಯ ಕಣ್ಣಿನ ಮೇಲೇ ಗುಂಡು ಪಾಪೆ ಬರೆದರೆ ಸೀಳಿನ ಎರಡು ತುದಿ ಮೇಲೆ ಕೆಳಗೆ ಇಣುಕುತ್ತವೆ. ಕೆರೆದು ತೆಗೆಯಲೇಬೇಕು. ಇವತ್ತು ಉಳಿದಿರುವ ಬೆಳಕು ಮೂರೇ ತಾಸು. ಒಬ್ಬಳಿಂದ ಆಗದು.

ಅವಳು ಕಾರ್ಖಾನೆಯ ತಿರುವಿನಲ್ಲಿ ತಿರುಗದೆ ಸೀದಾ ಗಂಡನ ಅಂಗಡಿಗೆ ನುಗ್ಗಿದಳು. ಅವನು ಬಗ್ಗಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದ.

"ಅಂಗಡಿ ಮುಚ್ಚಿ. ನಿಮ್ಮ ಅತಿ ಸಣ್ಣ ಉಳಿ, ಚಿಮುಟ ಎಲ್ಲ ತಗೊಂಡು ಬನ್ನಿ."

ಅವನು ಹೆಂಡತಿಯ ಮಣ್ಣು ಮೆತ್ತಿದ ಬಟ್ಟೆಯನ್ನು ಮೇಲಿನಿಂದ ಕೆಳಗೆ ನೋಡಿದ. "ಯಾರ ಗಡಿಯಾರ?"

"ಗಡಿಯಾರ ಅಲ್ಲ, ಕಣ್ಣು."

ಅವನು ಎರಡನೇ ಪ್ರಶ್ನೆ ಕೇಳಲಿಲ್ಲ. ಮೂವತ್ತು ವರ್ಷದ ಮದುವೆಯಲ್ಲಿ ಹೆಂಡತಿಯ ಮುಖ ಹೀಗೆ ಹೊಳೆಯುವುದನ್ನು ಅವನು ನಾಲ್ಕೈದು ಸಲ ನೋಡಿದ್ದ. ಮೇಕೆಯ ಕಥೆ ಹೇಳುವಾಗ ಒಂದು ಸಲ.

ಕಿಟಕಿಯ ಮೇಜಿಗೆ ಎರಡು ಸ್ಟೂಲು ಬಂದವು. ಅವನು ಕೆರೆಯುವುದು, ಅವಳು ಒರೆಸಿ ನುಣುಪು ಮಾಡುವುದು. ಯಜಮಾನ್ತಿ ತಾನೇ ಪೆಟ್ಟಿಗೆಯ ಪಟ್ಟಿ ಕಿತ್ತು, ಹತ್ತಿ ಬಿಡಿಸಿ, ಒಂದೊಂದೇ ಹಲ್ಲಿಯನ್ನು ಅಂಗೈಯಲ್ಲಿ ತಂದಿಟ್ಟಳು. ಅಚ್ಚಿನಣ್ಣ ಮತ್ತೆ ಗುಡ್ಡಕ್ಕೆ ಓಡಿದ, ಈ ಸಲ ನಿಜವಾಗಿ ಮಣ್ಣು ತರಲು.

ಮೊದಲನೆಯದನ್ನು ಎತ್ತಿ ನೋಡಿ ಗಂಡ, "ಇದನ್ನ ಕೆರೀಬೇಕಾ? ಎಷ್ಟು ಚೆನ್ನಾಗಿದೆ" ಎಂದ.

"ಚೆನ್ನಾಗಿದೆ. ಕೆರೀರಿ."

ಅವನು ಕೆರೆದ. ಸೀಳು ಪುಡಿಯಾಗಿ ಉದುರಿತು. ಕಣ್ಣಕ್ಕನ ಕೈ ಆಗಲೇ ಎರಡನೆಯದಕ್ಕೆ ಚಾಚಿತ್ತು. ಕತ್ತಲಾಗುವ ಹೊತ್ತಿಗೆ ಹನ್ನೆರಡು ಹಲ್ಲಿಗಳೂ ಕುರುಡಾಗಿ ಸಾಲಾಗಿ ಮಲಗಿದ್ದವು. ಅವಳು ಕುಂಚ ಮುಟ್ಟದೆ, ಕೈ ತೊಳೆದು, ಮನೆಗೆ ಹೋಗಿ ಮಲಗಿದಳು. ಮಲಗುವ ಮೊದಲು ಅಡುಗೆ ಕಟ್ಟೆಯ ಹಲ್ಲಿಗೆ, "ನಿಂದೇನೂ ತಪ್ಪಿಲ್ಲ ಬಿಡು" ಎಂದಳು.

ಶುಕ್ರವಾರ ಸೂರ್ಯ ಕಿಟಕಿಗೆ ಬರುವ ಮೊದಲೇ ಅವಳು ಮೇಜಿನಲ್ಲಿದ್ದಳು. ತಾಮ್ರದ ಬಣ್ಣವನ್ನು ಏಳು ಸಲ ಬೆರೆಸಿದಳು. ಬೆಳಕು ಬಿತ್ತು. ಮೊದಲ ಕಣ್ಣು. ಉಂಗುರ, ಒಣಗಲು ಬಿಡುವುದು, ನಡುವೆ ಕಪ್ಪು, ಕುಂಚದ ತುದಿಯಿಂದ ಒಂದೇ ಸಲ ಮುಟ್ಟಿ ಎತ್ತುವುದು. ಗುಂಡು ಬರೆಯುವುದು ಸೀಳು ಬರೆಯುವುದಕ್ಕಿಂತ ಕಷ್ಟ. ಒಂದು ಕೂದಲು ಆಚೆ ಹೋದರೆ ಹಲ್ಲಿಗೆ ಮೆಳ್ಳಗಣ್ಣು. ಕೊನೆಯದಾಗಿ ಬಿಳಿಯ ಒಂದು ಕಣ, ಬಿಸಿಲು ಬಿದ್ದ ಜಾಗ. ಆ ಕಣ ಇಟ್ಟ ತಕ್ಷಣ ಮೊದಲ ಹಲ್ಲಿ ಎದ್ದು ಕೂತ ಹಾಗೆ ಆಯಿತು. ಅವಳಿಗೆ ನಗು ಬಂತು. ಒಂಬತ್ತು, ಹತ್ತು, ಹದಿನಾಲ್ಕು. ಯಾರೂ ಹತ್ತಿರ ಬರಲಿಲ್ಲ. ಅಚ್ಚಿನಣ್ಣ ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದ. ಊಟದ ಡಬ್ಬಿ ತೆರೆಯದೆ ಹಾಗೇ ಇತ್ತು. ಹನ್ನೆರಡೂವರೆಗೆ ಇಪ್ಪತ್ತನಾಲ್ಕನೆಯ ಕಣ್ಣಿಗೆ ವಾರ್ನಿಷ್ ಬಿತ್ತು.

ಶನಿವಾರ ಹತ್ತಕ್ಕೆ ಬರಬೇಕಿದ್ದ ಮೇಡಂ ಒಂಬತ್ತಕ್ಕೇ ಬಂದಳು. ಬಂದಳು ಎನ್ನುವುದಕ್ಕಿಂತ ಬಿದ್ದಳು ಎನ್ನಬೇಕು. ಬೆನ್ನಿಗೆ ಚೀಲ, ಶೂಗೆ ಕಾಡಿನ ಕೆಸರು, ಏದುಸಿರು.

"ಕಣ್ಣು ಬರೆದಾಯ್ತಾ?" ಎಂದಳು ಬಾಗಿಲಲ್ಲೇ. "ನಾನೊಬ್ಬಳು ಬೆಪ್ಪು. ಬೆರಳು ಬೆರಳು ಅಂತ ಕೂತು ಕಣ್ಣಿನ ವಿಷ್ಯ ಹೇಳೇ ಇಲ್ಲ. ನಿನ್ನೆ ಕಾಡಲ್ಲಿ ನೆನಪಾಯ್ತು, ಫೋನ್ ಹತ್ತಲ್ಲ ಅಲ್ಲಿ. ಮೊದಲನೇ ಬಸ್ಸಿಗೆ ಹೊರಟೆ. ಸೀಳು ಬರೆದುಬಿಟ್ರಾ?"

ಯಜಮಾನ್ತಿ ಒಂದು ತಟ್ಟೆ ಅವಳ ಮುಂದಿಟ್ಟಳು. ಕೆಂಪು ಮಣ್ಣು, ಎರಡು ಎಲೆ, ಒಂದು ಬೇರಿನ ತುಂಡು, ಅದರ ಮೇಲೆ ತಲೆ ಕೆಳಗಾಗಿ ಹಲ್ಲಿ. ಕಣ್ಣಕ್ಕ ಕೊರಳಿನ ಭೂತಗನ್ನಡಿ ಬಿಚ್ಚಿ ಕೊಟ್ಟಳು.

ಮೇಡಂ ಬಗ್ಗಿದಳು. ಬೆನ್ನಿನ ಚೀಲ ತಲೆಯ ಮೇಲೆ ಬಂತು, ಗಮನಿಸಲಿಲ್ಲ. ಒಂದು ತಟ್ಟೆ, ಎರಡನೆಯದು, ಮೂರನೆಯದು. ಹನ್ನೆರಡನ್ನೂ ನೋಡಿದಳು. ಆಮೇಲೆ ನೆಲದ ಮೇಲೇ ಕೂತುಬಿಟ್ಟಳು.

"ತಾಮ್ರದ ಉಂಗುರ ಕೂಡ ಇದೆ" ಎಂದಳು. "ಇದು ನನ್ನ ಫೋಟೊದಲ್ಲಿರಲಿಲ್ಲ. ಯಾರು ಹೇಳಿದ್ದು ನಿಮಗೆ?"

"ಅದೇ ತೋರಿಸ್ತು" ಎಂದಳು ಕಣ್ಣಕ್ಕ. "ಮೊದಲು ಸೀಳೇ ಬರೆದಿದ್ದೆ. ಎಲ್ಲಾ ಕೆರೆದು ತೆಗೆದ್ವಿ."

ಅವಳು ಅದನ್ನು ಹೇಳಬೇಕಾಗಿರಲಿಲ್ಲ. ಯಜಮಾನ್ತಿ ಅವಳನ್ನೊಮ್ಮೆ ನೋಡಿ, ಮೇಡಂ ಕಡೆ ತಿರುಗಿ, "ನಾನೂ ನೋಡ್ದೆ, ಗುಡ್ಡದಲ್ಲಿ. ಹೊಟ್ಟೆ ಮೇಲೆ ಮಲಗಿ" ಎಂದಳು. ಅಷ್ಟು ಹೆಮ್ಮೆಯಿಂದ ಅವಳು ತನ್ನ ಕಾರ್ಖಾನೆಯ ಬಗ್ಗೆಯೂ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ತಟ್ಟೆಗಳು ಗಾಡಿ ಹತ್ತಿದವು. ಹನ್ನೆರಡರಲ್ಲಿ ಒಂದೂ ವಾಪಸ್ ಬರಲಿಲ್ಲ. ಪ್ಯಾಕೆಟ್ಟಿನ ಹಲ್ಲಿ ಕಣ್ಣಿನ ಹಾಳೆಯನ್ನು ಯಜಮಾನ್ತಿ ಹರಿದು ಕಸಕ್ಕೆ ಹಾಕಿದಳು. ಉಳಿದ ಹಾಳೆಗಳನ್ನು ಒಂದು ತಿಂಗಳು ಯೋಚಿಸಿ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟಳು. ಆ ಮಕ್ಕಳು ಅವನ್ನು ತಮ್ಮ ಬಾಗಿಲಿಗೆಲ್ಲ ಅಂಟಿಸಿದರು.

ಅಚ್ಚಿನಣ್ಣ ಪ್ರತಿ ಕೆಲಸಕ್ಕೂ ಕೈತಪ್ಪಿಗೆ ಎಂದು ಒಂದು ಹೆಚ್ಚು ಅಚ್ಚು ಹಾಕಿಟ್ಟುಕೊಳ್ಳುತ್ತಿದ್ದ. ಹದಿಮೂರನೆಯ ಹಲ್ಲಿಯ ಮೇಲೆ ಕಣ್ಣಕ್ಕ ತನ್ನ ಸೀಳು ಪಾಪೆಯನ್ನು ಮೊದಲು ಬರೆದು ಕೈ ಕುದುರಿಸಿಕೊಂಡಿದ್ದಳು. ಕೆರೆಯುವ ದಿನ ಅವನು ಅದನ್ನು ಮೆಲ್ಲಗೆ ಜೇಬಿಗಿಳಿಸಿದ್ದ. ಈಗ ಅವಳು ಯಾವುದಾದರೂ ವಿಷಯಕ್ಕೆ ಗಟ್ಟಿಯಾಗಿ "ನಂಗೊತ್ತು" ಎಂದರೆ, ಅದು ಅವಳ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತದೆ. ಅವಳು ಅದರ ಕಣ್ಣನ್ನು ಒಮ್ಮೆ ನೋಡಿ, ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡು, ಅವನ ಕಡೆ ಎಸೆಯುತ್ತಾಳೆ. ಅವನು ಹಿಡಿಯುತ್ತಾನೆ.

ಮುಂದಿನ ತಿಂಗಳು ಮೇಡಂ ಮತ್ತೆ ಬಂದಳು. ಇನ್ನೊಂದು ಜಾತಿಯ ಹಲ್ಲಿ ಬೇಕಿತ್ತು. ಅಳತೆ, ಬಣ್ಣ, ಬೆರಳು ಎಂದು ಪಟ್ಟಿ ಬಿಚ್ಚುವ ಮೊದಲೇ ಕಿಟಕಿಯ ಮೇಜಿನಿಂದ ಕಣ್ಣಕ್ಕ ಭೂತಗನ್ನಡಿ ಒರೆಸಿಕೊಳ್ಳುತ್ತ ಎದ್ದಳು.

"ಮೊದಲು ಇದನ್ನ ಹೇಳಿ ಮೇಡಂ" ಎಂದಳು. "ಹಗಲಿಂದಾ, ರಾತ್ರೀದಾ?"